ಹೆಂಗಸರ ವಾರ್ಡಿನ ಆರನೆಯ ಮಂಚ

ಜೋಗವ್ವನನ್ನು ಕರೆತಂದ ದಿನ ನಮ್ಮ ಹೆಂಗಸರ ವಾರ್ಡಿನಲ್ಲಿ ಒಂದು ಮಂಚ ಖಾಲಿ ಇತ್ತು. ಕಿಟಕಿಯ ಪಕ್ಕದ್ದು, ಒಳ್ಳೆ ಗಾಳಿ ಬರುವಂಥದ್ದು. ಆದರೂ ಆಕೆಯನ್ನು ಮಲಗಿಸಿದ್ದು ಹೊರಗೆ ವರಾಂಡದಲ್ಲಿ.

ನಾನು ಹಗರಿಬೊಮ್ಮನಹಳ್ಳಿಯ ಹೊರಗಿರುವ ಒಂದು ಸಣ್ಣ ಆರೈಕೆ ಕೇಂದ್ರದಲ್ಲಿ ನರ್ಸ್. ಇನ್ನು ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ದೊಡ್ಡ ಆಸ್ಪತ್ರೆಗಳು ಕೈಬಿಟ್ಟವರು ನಮ್ಮಲ್ಲಿಗೆ ಬರುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯಿಂದಲೂ. ನೋವಿಗೆ ಮಾತ್ರೆ ಕೊಡುತ್ತೇವೆ, ಹುಣ್ಣು ತೊಳೆಯುತ್ತೇವೆ, ಮಗ್ಗಲು ಬದಲಿಸುತ್ತೇವೆ, ಒಣಗಿದ ತುಟಿಗೆ ನೀರು ಸವರುತ್ತೇವೆ, ಹತ್ತಿರ ಕೂತಿರುತ್ತೇವೆ. ಗಂಡಸರಿಗೆ ಆರು ಮಂಚ, ಹೆಂಗಸರಿಗೆ ಆರು. ಬರಲು ಆಗದವರ ಮನೆಗೆ ನಮ್ಮ ಗಾಡಿಯೇ ಹೋಗುತ್ತದೆ.

ಜೋಗವ್ವ ಬಂದದ್ದು ಹಂಪಸಾಗರದ ಕಡೆಯಿಂದ. ಗಂಡುಮಗುವಾಗಿ ಹುಟ್ಟಿ, ಹೆಣ್ಣಾಗಿ ಬಾಳಿ, ಉಚ್ಚಂಗೆಮ್ಮನ ಹೆಸರಿನಲ್ಲಿ ಪಡಲಗಿ ಹೊತ್ತು ಊರೂರು ತಿರುಗಿದ ಜೀವ. ಪಡಲಗಿ ಎಂದರೆ ದೇವಿಯ ಮೂರ್ತಿ ಇಟ್ಟ ಬಿದಿರಿನ ಬುಟ್ಟಿ. ಅರವತ್ತೈದರ ಆಸುಪಾಸು ವಯಸ್ಸು. ಹೊಟ್ಟೆಯಲ್ಲಿ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿ ಹೊಟ್ಟೆ ಉಬ್ಬಿಕೊಂಡಿತ್ತು. ಜೊತೆಗೆ ಬಂದಿದ್ದವಳು ಆಕೆಯ ಶಿಷ್ಯೆ, ಅವಳೂ ಆಕೆಯಂತೆಯೇ ಜೋಗತಿ, ನಲವತ್ತು ದಾಟಿದವಳು. ಒಂದು ಕೈಯಲ್ಲಿ ಪಡಲಗಿ, ಇನ್ನೊಂದು ಕೈಯಲ್ಲಿ ಜೋಗವ್ವನ ಸೀರೆಗಳ ಗಂಟು ಹಿಡಿದು ನಿಂತಿದ್ದಳು.

ನಮ್ಮ ದಾಖಲಾತಿ ಅರ್ಜಿಯಲ್ಲಿ ಇದ್ದದ್ದು ಎರಡೇ ಚೌಕ, ಗಂಡು ಮತ್ತು ಹೆಣ್ಣು. ಆಧಾರ್ ಕಾರ್ಡಿನಲ್ಲಿ ಗಂಡು ಎಂದಿತ್ತು. ಅದರ ಫೋಟೋದಲ್ಲಿ ಮೂಗುತಿ, ಹಣೆಯ ತುಂಬ ಭಂಡಾರದ ಅರಿಸಿನ. ನಮ್ಮ ದೊಡ್ಡ ಸಿಸ್ಟರ್ ಕಾರ್ಡನ್ನು ಎರಡು ಸಲ ತಿರುವಿ ನೋಡಿದರು. ಇಪ್ಪತ್ತೈದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು ಅವರು. ಕಾಗದದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ ಎನ್ನುವಂಥ ಮನುಷ್ಯೆ.

"ಕಾರ್ಡಿನ್ಯಾಗ ಗಂಡು ಅಂತ ಐತಿ. ಗಂಡಸರ ವಾರ್ಡಿಗೆ ಹಾಕ್ರಿ," ಅಂದರು.

ಸ್ಟ್ರೆಚರ್ ಮೇಲೆ ಕಣ್ಣುಮುಚ್ಚಿ ಮಲಗಿದ್ದ ಜೋಗವ್ವ ಕಣ್ಣು ತೆರೆದಳು. "ನಲವತ್ತೈದು ವರ್ಷ ಸೀರಿ ಉಟ್ಟೀನ್ರಿ ನಾನು. ಗಂಡಸರ ಸಾಲಿನ್ಯಾಗ ಮಲಗಂಗಿಲ್ಲ. ಬೇಕಾದ್ರ ಹೊರಗ ಆ ಬೇವಿನ ಗಿಡದ ಬುಡಕ್ಕ ಹಾಕ್ರಿ."

"ಹೆಂಗಸರ ವಾರ್ಡಿಗೆ ಹಾಕಿದ್ರ ನಾಳಿ ಅವರ ಮನಿಯೋರು ಬಂದು ನನ್ನ ಕೇಳ್ತಾರ," ಅಂದರು ದೊಡ್ಡ ಸಿಸ್ಟರ್.

ಹೀಗೆ ಎರಡೂ ವಾರ್ಡುಗಳ ನಡುವಿನ ವರಾಂಡದಲ್ಲಿ ಒಂದು ಮಂಚ ಬಿತ್ತು. ಮೂರು ಕಡೆ ಬಟ್ಟೆಯ ಪರದೆ. ಯುಗಾದಿ ಮುಗಿದು ಬಿಸಿಲು ಏರಿದ್ದ ದಿನಗಳು. ಆ ವರಾಂಡ ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಎರಡಕ್ಕೆ ಬಿಸಿಲು ಮೆಟ್ಟಿಲು ಹತ್ತಿದರೆ ಐದರವರೆಗೂ ಮಂಚದ ಮೇಲೇ ಕೂತಿರುತ್ತಿತ್ತು.

ನಾನು ಅವತ್ತು ಏನೂ ಮಾತಾಡಲಿಲ್ಲ. ಪರದೆಯ ಕ್ಲಿಪ್ಪುಗಳನ್ನು ಹಾಕಿದವಳು ನಾನೇ.

ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕು. ನಾನು ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯವಳು. ಊರಿಗೂ ನಮ್ಮ ಕೇರಿಗೂ ನಡುವೆ ಒಂದು ಹಳ್ಳ. ನನ್ನ ಅವ್ವನನ್ನು ಅವಳ ಹಿರಿಯರು ದೇವರಿಗೆ ಬಿಟ್ಟಿದ್ದರು. ಅಂಥ ತಾಯಂದಿರ ಮಕ್ಕಳಿಗೆ ಯಾವ ಅರ್ಜಿ ಕೊಟ್ಟರೂ ಪೆನ್ನು ಒಂದು ಕಡೆ ಬಂದು ನಿಲ್ಲುತ್ತದೆ: ತಂದೆಯ ಹೆಸರು. ಈ ಕೆಲಸಕ್ಕೆ ಸಂದರ್ಶನಕ್ಕೆ ಬಂದಾಗ ನಾನು ಆ ಗೆರೆಯ ಮೇಲೆ ಅವ್ವನ ಹೆಸರು ಬರೆದಿದ್ದೆ. ಮ್ಯಾನೇಜರ್ ಅದನ್ನು ನೋಡಿ, "ಇಲ್ಲಿ ತಪ್ಪಾಗಿದೆ ನೋಡಮ್ಮ," ಅಂದಿದ್ದರು. "ತಪ್ಪಾಗಿಲ್ಲ ಸರ್," ಅಂದಿದ್ದೆ. ಅಷ್ಟು ಧೈರ್ಯ ಆಗ ಇತ್ತು.

ಆಮೇಲೆ ಕಡಿಮೆಯಾಯಿತು. ಮೊದಲ ವರ್ಷ ನನ್ನನ್ನು ಮನೆಭೇಟಿಯ ಗಾಡಿಗೆ ಹಾಕಿದ್ದರು. ಕೊಟ್ಟೂರಿನ ಆಚೆ ಒಂದು ಹಳ್ಳಿಯಲ್ಲಿ ಬಾಯಿಯ ಕ್ಯಾನ್ಸರಿನ ಒಬ್ಬ ಯಜಮಾನರಿಗೆ ವಾರಕ್ಕೆ ಎರಡು ಸಲ ಗಾಯ ಕಟ್ಟುತ್ತಿದ್ದೆ. ಹುಳ ಬಿದ್ದಿದ್ದ ಗಾಯ. ಅವರ ಮಕ್ಕಳೇ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದರು. ಒಂದೂವರೆ ತಿಂಗಳಾದ ಮೇಲೆ ಸೊಸೆ ಕೇಳಿದಳು, "ನೀವು ಯಾರ ಪೈಕಿರಿ ಸಿಸ್ಟರ್?" ನಾನು ಹೇಳಿದೆ. ಅವಳ ಮುಖ ಹೇಗೆ ಬದಲಾಯಿತೆಂದರೆ ಗಾಯಕ್ಕಿಂತ ದೊಡ್ಡದೊಂದನ್ನು ಕಂಡವಳ ಹಾಗೆ. ಮರುದಿನ ಮ್ಯಾನೇಜರಿಗೆ ಫೋನು ಬಂತು. "ಪೇಷಂಟಿಗೆ ಕೊನೆಗಾಲದಲ್ಲಿ ಮನಸ್ಸಿಗೆ ನೋವಾಗಬಾರದಮ್ಮ," ಎಂದು ನನ್ನನ್ನು ಗಾಡಿಯಿಂದ ಇಳಿಸಿ ವಾರ್ಡಿಗೆ ಹಾಕಿದರು. ಆ ಯಜಮಾನರು ಏನನ್ನೂ ಹೇಳಿರಲಿಲ್ಲ. ಹೇಳಲು ಅವರಿಗೆ ಬಾಯಿಯೇ ಉಳಿದಿರಲಿಲ್ಲ. ಆದರೆ ಅವರು ಗಾಯ ಕಟ್ಟಿದ ಮೇಲೆ ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ಬಿಡುತ್ತಿದ್ದರು. ಅವರನ್ನು ಕೇಳಿ ನೋಡಿ ಎಂದು ನಾನು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಮೂರು ವಾರಕ್ಕೆ ಅವರು ತೀರಿಕೊಂಡರಂತೆ. ಕೊನೆಯ ಪಟ್ಟಿ ಯಾರು ಕಟ್ಟಿದರೋ ಗೊತ್ತಿಲ್ಲ.

ವಾರ್ಡಿನಲ್ಲೂ ಹಾಗೆಯೇ. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ಡಬ್ಬಿಯ ಪಲ್ಯ ಎಲ್ಲರ ತಟ್ಟೆಗೆ ಹೋಗುತ್ತಿತ್ತು. ನನ್ನ ಡಬ್ಬಿಗೆ ಯಾರ ಕೈಯೂ ಬರುತ್ತಿರಲಿಲ್ಲ. ಯಾರೂ ಕೆಟ್ಟ ಮಾತು ಆಡುತ್ತಿರಲಿಲ್ಲ, ನಗುನಗುತ್ತಲೇ ಇದ್ದರು. ನಾನೂ ನಗುತ್ತಿದ್ದೆ. ಹೀಗೆ ನಗುವುದನ್ನು ಕಲಿತ ಮೇಲೆ ಪರದೆಗೆ ಕ್ಲಿಪ್ಪು ಹಾಕುವುದು ಕಷ್ಟವಾಗಲಿಲ್ಲ.

ಮಂಗಳವಾರ ಬಂತು. ರೋಗಿಗಳನ್ನು ನೋಡಲು ಬಂದ ಸಂಬಂಧಿಕರು ವರಾಂಡದಲ್ಲಿ ಪಡಲಗಿ ಕಂಡು ನಿಂತರು. ಒಬ್ಬರಾದ ಮೇಲೆ ಒಬ್ಬರು ಪರದೆ ಸರಿಸಿ ಜೋಗವ್ವನ ಕಾಲು ಮುಟ್ಟಿದರು. ಭಂಡಾರ ಹಚ್ಚಿಸಿಕೊಂಡರು. ಮಗಳಿಗೆ ಮದುವೆ ಕೂಡಿಬರಲಿ ಎಂದು ಒಬ್ಬರು, ಸೊಸೆಗೆ ಮಗು ಆಗಲಿ ಎಂದು ಇನ್ನೊಬ್ಬರು ಬೇಡಿಕೊಂಡರು. ನೋವಿಗೆ ಹಲ್ಲು ಕಚ್ಚಿಕೊಂಡೇ ಜೋಗವ್ವ ಎಲ್ಲರ ಹಣೆಗೂ ಹಚ್ಚಿದಳು.

ಅವರೆಲ್ಲ ಹೋದ ಮೇಲೆ ನಾನು ನೋವಿನ ಔಷಧಿ ಕೊಡಲು ಹೋದೆ. ಆಕೆ ನನ್ನ ಮುಖ ನೋಡಿ ಹೇಳಿದಳು, "ನೋಡಿದೇನ ತಂಗಿ? ಕಾಲು ಮುಗೀತಾರ, ಮಗ್ಗಲಾಗ ಮಲಗಾಕ ಬಿಡವಲ್ರು."

ನಾನು ಔಷಧಿ ಕುಡಿಸಿ ಲೋಟ ಕೆಳಗಿಟ್ಟೆ. "ಮೈ ಒರೆಸಲೇನವ್ವಾ? ಮೂರು ದಿನ ಆತು," ಅಂದೆ.

"ಬ್ಯಾಡ."

"ಬೆನ್ನು ಹುಣ್ಣಾಗತೈತಿ."

"ಆಗ್ಲಿ. ಹಾದಿ ಮ್ಯಾಲೆ ಬತ್ತಲಾಗಂಗಿಲ್ಲ ನಾ. ಹೊಸಾಪ್ಯಾಟಿ ಬಸ್‌ಸ್ಟ್ಯಾಂಡಿನ್ಯಾಗ ಮಲಗೀನಿ, ಸಂತಿ ಕಟ್ಟಿ ಮ್ಯಾಲೆ ಮಲಗೀನಿ. ಅಲ್ಲೆಲ್ಲಾ ಸೆರಗು ಸರಿದಿಲ್ಲ. ಸಾಯಾಕ ಬಂದಲ್ಲಿ ಸರೀಬೇಕೇನು?"

ಆಗ ಗಾಳಿಗೆ ಪರದೆ ಹಾರಿತು. ಗಂಡಸರ ವಾರ್ಡಿನ ಬಾಗಿಲಲ್ಲಿ ಇಬ್ಬರು ನಿಂತು ಪರದೆಯ ಒಳಗೆ ಇಣುಕುತ್ತಿದ್ದರು. ನನ್ನನ್ನು ಕಂಡು ಅತ್ತ ತಿರುಗಿದರು. ನನ್ನ ಮೈಯೆಲ್ಲ ಉರಿಯಿತು. ಕೊಟ್ಟೂರಿನ ಆ ಹಳ್ಳಿಯಿಂದ ವಾಪಸು ಬಂದ ದಿನ ಬರಬೇಕಾಗಿದ್ದ ಸಿಟ್ಟು ಅದು. ಎರಡು ವರ್ಷ ತಡವಾಗಿ ಬಂದಿತ್ತು.

ಗಾಲಿಕುರ್ಚಿ ತಂದೆ. ಶಿಷ್ಯೆ ಮತ್ತು ನಾನು ಸೇರಿ ಜೋಗವ್ವನನ್ನು ಕೂರಿಸಿ ಹೆಂಗಸರ ಬಚ್ಚಲಿಗೆ ಕರೆದೊಯ್ದೆವು. ಬಾಗಿಲು ಹಾಕಿ ಅಗುಳಿ ಹಾಕಿದ ಸದ್ದು ಕೇಳಿದ ಮೇಲೆಯೇ ಆಕೆ ಸೆರಗಿನ ಮೇಲಿನ ಕೈ ತೆಗೆದದ್ದು. ಬಿಸಿನೀರು ಬೆನ್ನ ಮೇಲೆ ಬಿದ್ದಾಗ "ಅಮ್ಮಾ ತಾಯೀ" ಎಂದು ಉಸಿರು ಬಿಟ್ಟಳು. ಬೆನ್ನ ಕೆಳಗೆ ಆಗಲೇ ಚರ್ಮ ಕೆಂಪಾಗಿತ್ತು.

ಸಂಜೆಯೊಳಗೆ ದೂರು ಹೋಯಿತು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ದೊಡ್ಡ ಸಿಸ್ಟರ್ ಕರೆದು, "ಹೆಂಗಸರ ಬಚ್ಚಲು ಹೆಂಗಸರಿಗೆ," ಎಂದಷ್ಟೇ ಹೇಳಿದರು.

ಮರುದಿನ ನನ್ನದು ಬೆಳಗಿನ ಪಾಳಿ. ದೊಡ್ಡ ಸಿಸ್ಟರ್ ಬರುವುದು ಹತ್ತಕ್ಕೆ. ಏಳೂವರೆಗೆ ಎಲ್ಲರಿಗೂ ಗಂಜಿ ಕೊಟ್ಟು ಮುಗಿಸಿ ನಾನು ವಾರ್ಡಿನ ನಡುವೆ ನಿಂತೆ. ಐದು ಮಂಚ, ಐದು ಹೆಂಗಸರು. "ಹೊರಗ ಮಲಗ್ಯಾರಲ್ಲ, ಆ ಜೋಗವ್ವನ್ನ ಒಳಗ ಕಿಟಕಿ ಮಂಚಕ್ಕ ತರಬೇಕಂತ ಮಾಡೀನಿ. ನಿಮಗ ಬ್ಯಾಡಾದ್ರ ಈಗ ಹೇಳ್ರಿ. ಮನಿಯೋರ ಮಾತು ಬ್ಯಾಡ, ಮಲಗೋರು ನೀವು," ಅಂದೆ.

ಒಬ್ಬಾಕೆಗೆ ಎಚ್ಚರವೇ ಇರಲಿಲ್ಲ. ಇಬ್ಬರು ಏನೂ ಹೇಳಲಿಲ್ಲ. ಹಡಗಲಿಯ ಕಡೆಯ ಒಬ್ಬಾಕೆ, "ಬರ್ಲಿ ಬಿಡ್ರಿ, ರಾತ್ರೆಲ್ಲಾ ನರಳತಾರ, ಕೇಳಾಕಾಗವಲ್ದು," ಅಂದಳು. ಎಲ್ಲರೂ ಎರಡನೆಯ ಮಂಚದ ಕಡೆ ನೋಡಿದರು. ಅಲ್ಲಿದ್ದವರು ನೀಲಗುಂದದ ಅಜ್ಜಿ. ದೊಡ್ಡ ಮನೆತನ, ದೊಡ್ಡ ಗಂಟಲು. ನನ್ನಿಂದ ಗಾಯ ಕಟ್ಟಿಸಿಕೊಳ್ಳುತ್ತಿದ್ದರು, ನೀರು ಮಾತ್ರ ತಮ್ಮ ಮಗಳ ಕೈಯಿಂದಲೇ ಕುಡಿಯುತ್ತಿದ್ದರು. ಅವರು ಬೇಡ ಎನ್ನುತ್ತಾರೆ ಎಂದು ನಾನು ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ.

"ಆಯಮ್ಮನ್ನ ಯಾಕೆ ಹೊರಗೆ ಹಾಕಿದಾರೆ?" ಎಂದು ಕೇಳಿದರು ಅಜ್ಜಿ.

"ಕಾರ್ಡಿನ್ಯಾಗ ಗಂಡು ಅಂತ ಐತಂತ, ಅಜ್ಜಿ."

"ಕಾರ್ಡಿಗೇನು ಹೊಟ್ಟೆನೋವು ಬಂದಿರದು? ನಮ್ಮ ಮನೆ ಬಾಗ್ಲಿಗೆ ಎಷ್ಟು ಜನ ಜೋಗಮ್ಮಾರು ಬಂದಿಲ್ಲ, ಮೊರದ ತುಂಬ ಜೋಳ ಹಾಕಿ ಕೈ ಮುಗಿದಿದೀನಿ. ಕರ್ಕಂಬಾ ಒಳಗೆ. ಮಧ್ಯಾಹ್ನಕ್ಕೆ ಅಲ್ಲಿಗೆ ಬಿಸ್ಲು ಬರ್ತೈತೆ."

ಅಷ್ಟೇ. ಹತ್ತು ನಿಮಿಷದಲ್ಲಿ ಜೋಗವ್ವ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಹತ್ತಕ್ಕೆ ದೊಡ್ಡ ಸಿಸ್ಟರ್ ಬಂದರು. ಹಿಂದೆಯೇ ಮ್ಯಾನೇಜರ್.

"ಯಾರನ್ನ ಕೇಳಿ ಮಂಚ ಬದಲಾಯಿಸಿದಿ?"

"ಆ ವಾರ್ಡಿನ್ಯಾಗ ಮಲಗೋರನ್ನ ಕೇಳೀನ್ರಿ ಮೇಡಂ."

"ನಮ್ಮನ್ನ ಕೇಳ್ಬೇಕಿತ್ತು," ಅಂದರು ಮ್ಯಾನೇಜರ್. "ನಾಳೆ ದಾನಿಗಳು ಯಾರಾದ್ರೂ ನೋಡಿ ಏನಾದ್ರೂ ಅಂದ್ರೆ?"

"ಅವರಿಗೆ ನನ್ನ ಕಡಿಂದ ಹೇಳ್ರಿ ಸರ್, ಸಾಯೋ ಮುದುಕಿ ಒಬ್ಬಾಕೀನ ಬಿಸಿಲಿನಿಂದ ನೆರಳಿಗೆ ತಂದಾಳಂತ. ವಾಪಸ್ ಹೊರಗ ಹಾಕೋದಾದ್ರ ನೀವ ಎತ್ತಿ ಹಾಕ್ರಿ. ನನ್ನ ಕೈಲಿ ಆಗಂಗಿಲ್ಲ."

ಮ್ಯಾನೇಜರ್ ವಾರ್ಡಿನ ಒಳಗೆ ಇಣುಕಿದರು. ನೀಲಗುಂದದ ಅಜ್ಜಿ ದುರುಗುಟ್ಟಿ ನೋಡುತ್ತಿದ್ದರು. ಯಾರೂ ಮಂಚ ಎತ್ತಲಿಲ್ಲ. ದೊಡ್ಡ ಸಿಸ್ಟರ್ ದಾಖಲಾತಿ ಪುಸ್ತಕ ತೆಗೆದು, "ವಾರ್ಡ್: ಹೆಂಗಸರು, ಮಂಚ: ಆರು" ಎಂದು ತಾವೇ ಬರೆದು ಹೋದರು. ನನ್ನೊಡನೆ ಒಂದು ವಾರ ಮಾತಾಡಲಿಲ್ಲ.

ಜೋಗವ್ವ ಆ ಮಂಚದಲ್ಲಿ ಐದು ವಾರ ಇದ್ದಳು. ಮಾರ್ಫಿನ್‌ನಿಂದ ನೋವು ಹಿಡಿತಕ್ಕೆ ಬಂದ ಮೇಲೆ ಮಾತು ಶುರುವಾಯಿತು. ನೀಲಗುಂದದ ಅಜ್ಜಿಗೂ ಆಕೆಗೂ ದಿನವೂ ವಾದ: ಜೋಳದ ರೊಟ್ಟಿಗೆ ಹಿಟ್ಟು ಹೇಗೆ ನಾದಬೇಕು, ಯಾವ ಊರಿನವರು ಕೈಬಿಚ್ಚಿ ನೀಡುತ್ತಾರೆ, ಯಾವ ಊರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. "ನಿಮ್ಮೂರಾಗ ಮಂದಿ ಮೂರು ಹಾಡು ಹಾಡಿಸಿ ಅರ್ಧ ಸೇರು ನೀಡ್ತಿದ್ರು," ಎಂದು ಜೋಗವ್ವ ಹೇಳಿದರೆ, "ನಮ್ಮ ಬೀದಿಗೆ ಬಂದಿರಂಗಿಲ್ಲ ನೀನು," ಎಂದು ಅಜ್ಜಿ ಸಿಟ್ಟಾಗುತ್ತಿದ್ದರು. ಒಂದು ಸಂಜೆ ಎಲ್ಲರೂ ಕೇಳಿಕೊಂಡಾಗ ಶಿಷ್ಯೆ ಚೌಡಿಕೆಯ ತಂತಿ ಮೀಟಿದಳು. ಜೋಗವ್ವ ಮಲಗಿದಲ್ಲಿಂದಲೇ ಹಾಡಿದಳು. ಉಸಿರು ಸಾಲದೆ ನಡುನಡುವೆ ನಿಲ್ಲುತ್ತಿದ್ದಳು. ಗಂಡಸರ ವಾರ್ಡಿನವರು ಬಾಗಿಲಿನ ಆಚೆ ಕುರ್ಚಿ ಹಾಕಿಕೊಂಡು ಕೂತು ಕೇಳಿದರು. ಒಳಗೆ ಯಾರೂ ಇಣುಕಲಿಲ್ಲ.

ಬೆನ್ನಿಗೆ ಎಣ್ಣೆ ಸವರುವಾಗ ಆಕೆ ತನ್ನ ಕಥೆ ಹೇಳಿದಳು. ಕುರಿ ಸಾಕುವ ಮನೆತನ. ಹದಿನೆಂಟರ ಹೊತ್ತಿಗೆ ಮೈಮೇಲೆ ದೇವಿ ಬಂದಳು, ಜೋಗವ್ವ ಸೀರೆ ಉಟ್ಟಳು. ಅಪ್ಪ ಹೊಡೆದ. ಊರು ಬಿಟ್ಟಳು. ಎಷ್ಟೋ ವರ್ಷದ ಮೇಲೆ ತಾಯಿ ತೀರಿಕೊಂಡ ಸುದ್ದಿ ಕೇಳಿ ಓಡಿಬಂದರೆ, ಸೀರೆ ಬಿಚ್ಚಿ ಪಂಚೆ ಉಟ್ಟು ಬಂದರೆ ಮುಖ ನೋಡಬಹುದು ಎಂದು ಮನೆಯವರು ಅಂದರಂತೆ. "ನಾ ಉಡಲಿಲ್ಲ ತಂಗಿ. ಹೊರಗ ಕುರಿ ಹಟ್ಟಿ ಹತ್ರ ನಿಂತು ನಮ್ಮವ್ವನ್ನ ಹೊತ್ಕೊಂಡು ಹೋಗೋದ ನೋಡಿದೆ. ಮುಖಾ ಕಾಣ್ಲಿಲ್ಲ. ಈಗ ನಾ ಸತ್ತ ಮ್ಯಾಲೆ ನಂಗೂ ಪಂಚಿ ಉಡಸ್ತಾರ. ಆಗ ಬ್ಯಾಡ ಅನ್ನಾಕ ನನಗ ಬಾಯಿ ಇರಂಗಿಲ್ಲ."

ಆ ಮಾತು ಕೇಳಿ ನನಗೆ ಕೊಟ್ಟೂರಿನ ಯಜಮಾನರ ಕೈಹಿಡಿತ ನೆನಪಾಯಿತು. "ಈಗ ಬಾಯಿ ಐತಲ್ಲವ್ವಾ. ಹೇಳು, ಬರೀತೀನಿ," ಅಂದೆ.

ಒಂದು ಬಿಳಿ ಹಾಳೆಯಲ್ಲಿ ಆಕೆ ಹೇಳಿದಂತೆ ಬರೆದೆ. ಹಸಿರು ಸೀರೆ ಉಡಿಸಬೇಕು. ಕೈತುಂಬ ಬಳೆ ಇರಬೇಕು, ಒಡೆಯಬಾರದು. ಹಣೆಗೆ ಭಂಡಾರ. ಹುಟ್ಟಿನ ಹೆಸರು ಹಿಡಿದು ಯಾರೂ ಅಳಬಾರದು. ಪಡಲಗಿ ಶಿಷ್ಯೆಗೆ ಸೇರಬೇಕು. ಆಕೆ ಹೆಬ್ಬೆಟ್ಟು ಒತ್ತಿದಳು. ವಾರಕ್ಕೆ ಎರಡು ಸಲ ಬರುವ ನಮ್ಮ ಡಾಕ್ಟರು ಅದನ್ನು ಓದಿ, "ಇದು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತೋ ನನಗೆ ಗೊತ್ತಿಲ್ಲ. ಆದರೆ ಅವರಿಗೆ ಪೂರ್ತಿ ಪ್ರಜ್ಞೆ ಇದೆ ಅಂತ ನಾನು ಸಹಿ ಹಾಕಬಲ್ಲೆ," ಎಂದು ಸಹಿ ಹಾಕಿದರು. ಹಾಳೆ ಫೈಲಿಗೆ ಸೇರಿತು.

ಒಂದು ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಜೋಗವ್ವ ಹೋದಳು. ಶಿಷ್ಯೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಉಸಿರು ದೂರದೂರವಾಗುತ್ತ ಬಂದು, ನಾವು ಮುಂದಿನದಕ್ಕೆ ಕಾಯುತ್ತಿದ್ದಾಗ ಬರಲೇ ಇಲ್ಲ. ನೋವು ಇರಲಿಲ್ಲ. ಅದನ್ನು ನಾನು ಖಚಿತವಾಗಿ ಹೇಳಬಲ್ಲೆ.

ನಿಯಮದಂತೆ ಮ್ಯಾನೇಜರ್ ಆಧಾರ್ ವಿಳಾಸದ ಊರಿನ ಪಂಚಾಯಿತಿಗೆ ಫೋನು ಮಾಡಿದರು. ಹನ್ನೊಂದೂವರೆಗೆ ಒಂದು ಟಾಟಾ ಏಸ್ ಬಂದು ನಿಂತಿತು. ಹೆಗಲ ಮೇಲೆ ಕಂಬಳಿ ಹಾಕಿದ, ಅರವತ್ತರ ಹತ್ತಿರದ ಒಬ್ಬರು ಇಳಿದರು. ಜೋಗವ್ವನ ತಮ್ಮ. ಹಿಂದೆ ಇಬ್ಬರು. ಕೈಯಲ್ಲಿ ಚೀಲ, ಅದರಲ್ಲಿ ಹೊಸ ಬಿಳಿ ಪಂಚೆ, ಅಂಗಿ.

ವಾರ್ಡಿನ ಬಾಗಿಲಲ್ಲಿ ನಾನು ನಿಂತೆ. ಹಿಂದೆ ಶಿಷ್ಯೆ ಹಸಿರು ಸೀರೆ ಹಿಡಿದು ನಿಂತಿದ್ದಳು.

"ಇವ ನಮ್ಮಣ್ಣ," ಅಂದರು ತಮ್ಮ. "ಗಂಡಸಾಗಿ ಹುಟ್ಯಾನ, ಗಂಡಸಾಗಿ ಮಣ್ಣಿಗೆ ಹೋಗ್ಲಿ. ಸರೀರಿ ಸಿಸ್ಟರ್, ಬಟ್ಟಿ ಬದ್ಲು ಮಾಡಬೇಕು."

"ಐದು ವಾರ ಇಲ್ಲಿದ್ರು. ಒಂದಿನ ಬಂದ್ರೇನ್ರಿ ನೋಡಾಕ?"

"ಯಾರು ತಿಳಿಸಿದ್ರು ನಮಗ? ಇವತ್ತು ಗೊತ್ತಾಗೈತಿ, ಇವತ್ತು ಬಂದೀನಿ."

ಅದು ನಿಜವಾಗಿತ್ತು. ತಿಳಿಸಬೇಡಿ ಎಂದವಳು ಜೋಗವ್ವನೇ. ನನ್ನ ಮಾತು ತಪ್ಪು ಎಂದು ಗೊತ್ತಾಯಿತು. ಆದರೂ ಬಾಗಿಲು ಬಿಡಲಿಲ್ಲ.

"ಅದು ನನ್ನ ತಪ್ಪಾತ್ರಿ," ಅಂದೆ. "ಆದ್ರ ಪಂಚಿ ಉಡಸಾಕ ಬಿಡಂಗಿಲ್ಲ. ಆಕಿ ಬ್ಯಾಡ ಅಂದಾಳ."

ಮ್ಯಾನೇಜರ್ ಬಂದರು. "ಒಡಹುಟ್ಟಿದವರು ಕೇಳ್ತಿದಾರೆ, ನೀನು ಯಾರಮ್ಮ ಅಡ್ಡ ನಿಲ್ಲೋಕೆ? ಬಾಡಿ ಕೊಟ್ಟು ಕಳಿಸು."

"ಕೊಡ್ತೀನಿ ಸರ್. ಸೀರಿ ಉಡಿಸಿ ಕೊಡ್ತೀನಿ."

"ಊರಾಗ ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?" ತಮ್ಮನ ದನಿ ಒಡೆಯಿತು. ಜೊತೆಗೆ ಬಂದವರಲ್ಲಿ ಒಬ್ಬ ನನ್ನನ್ನು ಸರಿಸಲು ಕೈ ಮುಂದೆ ಮಾಡಿದ. ಶಿಷ್ಯೆ ನನ್ನ ಪಕ್ಕಕ್ಕೆ ಬಂದು ಬಾಗಿಲಿನ ಉಳಿದ ಅರ್ಧವನ್ನೂ ತುಂಬಿ ನಿಂತಳು.

ಆಗ ದೊಡ್ಡ ಸಿಸ್ಟರ್ ಫೈಲು ಹಿಡಿದು ಬಂದರು. ಇನ್ನು ಮುಗಿಯಿತು ಎಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು, ಪಾಳಿ ಬದಲಾಗುವಾಗ ಓದುತ್ತಾರಲ್ಲ, ಅದೇ ಸಪ್ಪೆ ದನಿಯಲ್ಲಿ ಆ ಹಾಳೆಯನ್ನು ಪೂರ್ತಿ ಓದಿದರು. ಹಸಿರು ಸೀರೆ. ಕೈತುಂಬ ಬಳೆ. ಭಂಡಾರ. ಹೆಬ್ಬೆಟ್ಟಿನ ಗುರುತು. ವೈದ್ಯರ ಸಹಿ. ಓದಿ ಮುಗಿಸಿ ಮ್ಯಾನೇಜರ್ ಕಡೆ ತಿರುಗಿದರು.

"ಫೈಲಿನ್ಯಾಗ ಐತ್ರಿ ಇದು. ಪೇಷಂಟ್ ಹೇಳಿದ್ದು ಫೈಲಿನ್ಯಾಗ ಇದ್ದ ಮ್ಯಾಲೆ ಮಾಡೋದ ನಮ್ಮ ಕೆಲಸ. ಮಾಡಂಗಿಲ್ಲ ಅಂದ್ರ ನೀವು ಬರದು ಕೊಡ್ರಿ, ನಾ ಅದನ್ನೂ ಹಚ್ಚಿ ಇಡ್ತೀನಿ."

ಮ್ಯಾನೇಜರ್ ಬರೆದು ಕೊಡಲಿಲ್ಲ. ತಮ್ಮ ಹೊರಗೆ ಹೋಗಿ ಗಾಡಿಯ ನೆರಳಲ್ಲಿ ಕೂತುಬಿಟ್ಟರು.

ನಾವು ಜೋಗವ್ವನಿಗೆ ಸ್ನಾನ ಮಾಡಿಸಿದೆವು. ಶಿಷ್ಯೆ ನೆರಿಗೆ ಹಿಡಿದಳು, ನಾನು ಬಳೆ ತೊಡಿಸಿದೆ. ನೀಲಗುಂದದ ಅಜ್ಜಿ ಎದ್ದು ಕೂತು, "ಸೆರಗು ತಲೆ ಮೇಲೆ ಬರ್ಲಿ, ಹಂಗಲ್ಲ, ಬಲಗಡೆಯಿಂದ," ಎಂದು ಹೇಳಿಕೊಡುತ್ತಿದ್ದರು. ಹೇಳಿ ಹೇಳಿ ಅವರಿಗೆ ಕೆಮ್ಮು ಬಂತು. ನೀರು ಬೇಕೇನಜ್ಜಿ ಎಂದು ನಾನು ಲೋಟ ಚಾಚಿದೆ. "ಮಗಳು ಬರ್ತಾಳೆ ಬಿಡು," ಅಂದರು. ಅವರು ಬದುಕಿದ್ದ ಇನ್ನೂ ಇಪ್ಪತ್ತು ದಿನವೂ ನನ್ನ ಕೈಯ ನೀರು ಕುಡಿಯಲಿಲ್ಲ. ಜೋಗವ್ವನಿಗೆ ಜಾಗ ಕೊಟ್ಟ ಬಾಯಿಯೂ ಅದೇ, ನನ್ನ ಲೋಟ ಬೇಡವೆಂದ ಬಾಯಿಯೂ ಅದೇ. ಇದನ್ನು ಸರಿಮಾಡಿ ಹೇಳಲು ನನಗೆ ಬರುವುದಿಲ್ಲ. ಇದ್ದದ್ದನ್ನು ಹೇಳಿದ್ದೇನೆ.

ಆ ತಮ್ಮ ಜೋಗವ್ವನ ಹೆಣವನ್ನು ಊರಿಗೆ ಒಯ್ಯಲಿಲ್ಲ. ಕೊಟ್ಟೂರು, ಹೊಸಪೇಟೆ ಕಡೆಯಿಂದ ಬಂದ ಜೋಗತಿಯರು ಹೊತ್ತುಕೊಂಡು ಇಲ್ಲಿಯೇ ಮಣ್ಣು ಮಾಡಿದರು. ಚೌಡಿಕೆಯ ದನಿಯ ಜೊತೆ ಮೆರವಣಿಗೆ ಪೇಟೆಯ ನಡುವೆ ಹೋಯಿತು. ನಾನು ಯೂನಿಫಾರ್ಮಿನಲ್ಲೇ ಜೊತೆಗೆ ನಡೆದೆ. ಗಾಡಿಯಲ್ಲಿ ಹಿಂದೆ ಹಿಂದೆ ಬಂದವರು ಜೋಗವ್ವನ ತಮ್ಮ. ದೂರ ನಿಂತಿದ್ದು, ಎಲ್ಲರೂ ಹಾಕಿದ ಮೇಲೆ ಬಂದು ಒಂದು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೋದರು. ಮರಣ ಪ್ರಮಾಣಪತ್ರದಲ್ಲಿ ಗಂಡು ಎಂದೇ ಬಂತು. ಅದಕ್ಕಾಗಿ ನಾನು ಎರಡು ಕಚೇರಿ ಅಲೆದೆ, ಸೋತೆ.

ಮುಂದಿನ ವಾರ ನನಗೆ ನೋಟಿಸ್ ಬಂತು: ಅನುಮತಿಯಿಲ್ಲದೆ ಮಂಚ ಬದಲಾಯಿಸಿದ್ದು, ಮೃತರ ಸಂಬಂಧಿಕರ ಜೊತೆ ಅನುಚಿತವಾಗಿ ವರ್ತಿಸಿದ್ದು. ಉತ್ತರ ಬರೆಯಲು ಒಂದು ಸಂಜೆ ಪೂರ್ತಿ ಕೂತೆ. ಕ್ಷಮೆ ಕೇಳು, ಮುಗಿಯುತ್ತದೆ ಎಂದು ಜೊತೆಯವರು ಹೇಳಿದರು. ನಾನು ಬರೆದದ್ದು ಇಷ್ಟು: ಸಂಬಂಧಿಕರಿಗೆ ಆಡಿದ ಒಂದು ಮಾತು ತಪ್ಪು, ಅದಕ್ಕೆ ಅವರ ಬಳಿ ಕ್ಷಮೆ ಕೇಳುತ್ತೇನೆ. ಮಂಚ ಬದಲಾಯಿಸಿದ್ದು ತಪ್ಪಲ್ಲ, ನಾಳೆಯೂ ಬದಲಾಯಿಸುತ್ತೇನೆ. ಜಾತಿ ಕೇಳಿದ ಮನೆಯ ಮಾತಿಗೆ ನನ್ನನ್ನು ಗಾಡಿಯಿಂದ ಇಳಿಸಿದ್ದು ತಪ್ಪು, ಅದಕ್ಕೆ ಯಾರ ಉತ್ತರವೂ ನನಗೆ ಈವರೆಗೆ ಬಂದಿಲ್ಲ.

ಟ್ರಸ್ಟಿನವರ ಸಭೆಗೆ ಕರೆದರು. ಐದು ಜನ ಮೇಜಿನ ಆ ಕಡೆ, ನಾನೊಬ್ಬಳು ಈ ಕಡೆ. ಕೆಲಸದಿಂದ ತೆಗೆಯುತ್ತಾರೆ ಎಂದೇ ಹೋಗಿದ್ದೆ, ಹಾಗಾಗಿ ಹೆದರಿಕೆ ಇರಲಿಲ್ಲ. ಒಬ್ಬರು ಮೆಲ್ಲಗೆ, "ನಿಮಗೆ ಏನು ಬೇಕು ಹೇಳಿ," ಅಂದರು.

"ಎರಡು ಬೇಕ್ರಿ," ಅಂದೆ. "ನನಗ ಗಾಡಿ ಡ್ಯೂಟಿ ವಾಪಸ್ ಬೇಕು. ಮತ್ತ ಆ ಜೋಗವ್ವನ ಶಿಷ್ಯೆಗೆ ಇಲ್ಲಿ ಕೆಲಸ ಬೇಕು. ನಮ್ಮಲ್ಲಿ ಆಯಾ ಕೆಲಸದ ಜಾಗ ಖಾಲಿ ಐತಿ. ಐದು ವಾರ ಆಕಿ ಮಾಡಿದ ಸೇವಾ ನೀವು ನೋಡಿಲ್ಲ, ನಾ ನೋಡೀನಿ. ಒಂದು ಹುಣ್ಣು ಆಗಾಕ ಬಿಟ್ಟಿಲ್ಲ."

ಕೂಡಲೇ ಯಾರೂ ಹೂಂ ಅನ್ನಲಿಲ್ಲ. ಎರಡು ತಿಂಗಳು ಎಳೆದರು. ಡಾಕ್ಟರು ಒಂದು ಪತ್ರ ಬರೆದರು. ದೊಡ್ಡ ಸಿಸ್ಟರ್ ಪರವಾಗಿ ಮಾತಾಡಲಿಲ್ಲ, ವಿರೋಧವಾಗಿಯೂ ಮಾತಾಡಲಿಲ್ಲ. ಕೊನೆಗೆ ಮೂರು ತಿಂಗಳ ಪರೀಕ್ಷೆಯ ಮೇಲೆ ಶಿಷ್ಯೆಯನ್ನು ತೆಗೆದುಕೊಂಡರು. ನನಗೆ ವಾರಕ್ಕೆ ಮೂರು ದಿನ ಗಾಡಿ, ಮೂರು ದಿನ ವಾರ್ಡು.

ಈಗ ಆ ಮೂರು ತಿಂಗಳು ದಾಟಿ ಎಷ್ಟೋ ಕಾಲವಾಗಿದೆ. ಶಿಷ್ಯೆ ನೀಲಿ ಸೀರೆಯ ಯೂನಿಫಾರ್ಮಿನಲ್ಲಿ ವಾರ್ಡು ತುಂಬ ಓಡಾಡುತ್ತಾಳೆ. ಸಿಬ್ಬಂದಿಯ ಶೌಚಾಲಯ ಬಳಸುವ ವಿಷಯದಲ್ಲಿ ಇಬ್ಬರು ಇನ್ನೂ ಗೊಣಗುತ್ತಾರೆ. ಅವಳು ಬಳಸುತ್ತಾಳೆ, ಅವರು ಗೊಣಗುತ್ತಾರೆ. ಮಧ್ಯಾಹ್ನ ನಾವಿಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ. ಅವಳ ಪುಂಡಿಪಲ್ಯ ನನ್ನ ಡಬ್ಬಿಗೆ ಬರುತ್ತದೆ.

ಹೋದ ತಿಂಗಳು ಹರಪನಹಳ್ಳಿಯಿಂದ ಒಬ್ಬಾಕೆಯನ್ನು ಸೇರಿಸಿದರು. ಪಾರ್ಶ್ವವಾಯು, ಜೊತೆಗೆ ಕ್ಯಾನ್ಸರ್. ತಾನಾಗಿ ಹೊರಳಲು ಆಗುತ್ತಿರಲಿಲ್ಲ. ಮಗ ಮೆಕ್ಕೆಜೋಳದ ವ್ಯಾಪಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ತಾಯಿಯನ್ನು ನೋಡಿಕೊಳ್ಳಲು ಬಂದ ಶಿಷ್ಯೆಯ ಮುಖ, ಕೈ, ದನಿ ಎಲ್ಲ ಅಳೆದು ನೋಡಿ ನನ್ನ ಕಡೆ ತಿರುಗಿದ. "ಸಿಸ್ಟರ್, ಇವರ್ನ ಬೇಡ. ಬೇರೆ ಯಾರನ್ನಾರೆ ಹಾಕ್ರಿ."

ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು. "ಬ್ಯಾರೆ ಯಾರೂ ಇಲ್ಲ ಯಪ್ಪಾ. ನಾ ಅದೀನಿ, ನಾ ಹೋಗಂಗಿಲ್ಲ. ನಿಮ್ಮವ್ವನ ಬೆನ್ನು ಎರಡು ತಾಸಿಂದ ಒಂದ ಕಡಿ ಒತ್ತಾಕತ್ತೈತಿ. ಹೊಳ್ಳಿಸಬೇಕು. ನೀ ಆ ಕಡಿ ಹಿಡಿ."

ಅವನು ತಾಯಿಯ ಬೆನ್ನಿನ ಕಡೆ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, ಆ ಕಡೆ ಹಿಡಿದ.